ವೀರಭದ್ರಯ್ಯನವರ ಫೋನಿಗೆ ಒಂಬತ್ತು ವರ್ಷ

ಪಾಳ್ಯದ ವೀರಭದ್ರಯ್ಯನವರಿಗೆ ಆಧಾರ್ ಕಾರ್ಡಿನ ಪ್ರಕಾರ ಅರವತ್ತೊಂದು ವರ್ಷ. ಅವರ ಫೋನಿನ ಪ್ರಕಾರ ಒಂಬತ್ತು.

ಇದಕ್ಕೆಲ್ಲ ಕಾರಣ ಒಂದು ಮದುವೆ ಪತ್ರಿಕೆ. ಎರಡು ತಿಂಗಳ ಹಿಂದೆ ಯಾರೋ ವಾಟ್ಸಾಪಿನಲ್ಲಿ 'ತಪ್ಪದೇ ಬನ್ನಿ' ಎಂದು ಪತ್ರಿಕೆ ಕಳಿಸಿದ್ದರು. ಕರೆದವರ ಮನೆಗೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲವಲ್ಲ, ಇವರು ಒತ್ತಿದರು. ಪತ್ರಿಕೆ ತೆರೆಯಲಿಲ್ಲ, ಬದಲಿಗೆ ಏನೋ ಒಂದು ಇನ್‌ಸ್ಟಾಲ್ ಆಯಿತು. ಸಂಜೆಯೊಳಗೆ ಅದೇ ಪತ್ರಿಕೆ ಇವರ ಹೆಸರಿನಲ್ಲಿ ನೆಂಟರು, ಬೀಗರು, ಗೊಬ್ಬರದಂಗಡಿ, ಸೊಸೈಟಿ ಎಲ್ಲ ಕಡೆಗೂ ಹೋಗಿ, ವೀರಭದ್ರಯ್ಯ ಎರಡನೇ ಮದುವೆಗೆ ನಿಂತಿದ್ದಾರೆ ಎಂದು ಊರೆಲ್ಲ ಗುಲ್ಲಾಯಿತು. ಹೆಂಡತಿ ಗುರುಶಾಂತಮ್ಮ ಮೂರು ದಿನ ಮಾತು ಬಿಟ್ಟರು. ಹಾಸನದಲ್ಲಿ ಹೈಸ್ಕೂಲ್ ಮೇಡಂ ಆಗಿರುವ ಮಗಳು ಹೇಮಶ್ರೀ ಭಾನುವಾರ ಬಂದವಳೇ ಫೋನು ಕಿತ್ತುಕೊಂಡು, ಒಳಗಿನ ಕಸವನ್ನೆಲ್ಲ ಗುಡಿಸಿ, 'ಪುಟ್ಟಕಾವಲು' ಎಂಬ ಆ್ಯಪ್ ಹಾಕಿ ಬೀಗ ಜಡಿದಳು. ಮಕ್ಕಳ ಫೋನಿಗೆ ಅಪ್ಪ ಅಮ್ಮ ಹಾಕುವ ಬೀಗ ಅದು. ಮಗುವಿನ ವಯಸ್ಸೆಷ್ಟು ಎಂದು ಕೇಳಿತು. ಅವಳು ಅಪ್ಪನ ಮುಖವನ್ನೊಮ್ಮೆ ನೋಡಿ ಒಂಬತ್ತು ಎಂದು ಹಾಕಿದಳು.

ಅಂದಿನಿಂದ ಸಂಜೆ ಏಳಾದರೆ ಸಾಕು, ಫೋನು 'ಈಗ ಓದುವ ಸಮಯ' ಎಂದು ಹೇಳಿ ಕಪ್ಪಾಗುತ್ತಿತ್ತು. ವೀರಭದ್ರಯ್ಯ ಸಹಿಸಿಕೊಂಡಿದ್ದರು. ಆದರೆ ಡಿಸೆಂಬರಿನ ಆ ಗುರುವಾರ ಬೆಳಿಗ್ಗೆ ಮೇಸ್ತ್ರಿ ವೆಂಕಟೇಶ ಅಂಗಳಕ್ಕೆ ಬಂದು ನಿಂತ.

ವೆಂಕಟೇಶನ ಕೈಯಲ್ಲಿ ಕಾಫಿ ಕೊಯ್ಯುವ ಇಪ್ಪತ್ತೆರಡು ಹೆಂಗಸರ ಗುಂಪಿದೆ. ಪಕ್ಕದ ಮಹಾದೇವಯ್ಯನ ತೋಟ ಅವತ್ತಿಗೆ ಮುಗಿದು, ಮರುದಿನ ವೀರಭದ್ರಯ್ಯನವರ ಸರದಿ. ಮೂರು ಎಕರೆ ಹಣ್ಣಾಗಿ ಕೆಂಪಗೆ ಉದುರುವುದಕ್ಕೆ ನಿಂತಿತ್ತು.

"ಯಜಮಾನ್ರೆ, ನಿಮ್ ಫೋನಲ್ಲಿ ಗಜಘಂಟೆ ಐತಾ?" ಎಂದ ವೆಂಕಟೇಶ.

ಗಜಘಂಟೆ ಎಂದರೆ ಸುತ್ತಲಿನ ಬೆಳೆಗಾರರು ಸೇರಿ ಮಾಡಿಸಿದ ಆ್ಯಪ್. ಯಾರ ತೋಟದಲ್ಲಾದರೂ ಆನೆ ಕಂಡರೆ ಅವರು ಒತ್ತುತ್ತಾರೆ, ಎಲ್ಲರ ಫೋನೂ ಗಂಟೆ ಹೊಡೆಯುತ್ತದೆ.

"ಇಲ್ಲ ಕಣೋ. ಯಾಕೆ?"

"ಹೋದ್ ವಾರ ನಮ್ ಹೆಣ್ಮಕ್ಳು ಒಂದ್ ತೋಟದಲ್ಲಿ ಕೊಯ್ತಾ ಕೊಯ್ತಾ ಆನೆ ಕಾಲ್ನೇ ಮರ ಅಂದ್ಕೊಂಡು ಚೀಲ ಒರಗಿಸ್ಬುಟ್ಟಿದ್ರು. ಇನ್ಮೇಲೆ ಗಜಘಂಟೆಗೆ ಸೇರ್ದೇ ಇರೋ ತೋಟಕ್ಕೆ ಕಾಲಿಡಲ್ಲ ಅಂತ ಹಠ ಹಿಡ್ದವ್ರೆ. ಸಾಯಂಕಾಲ ಐದು ಗಂಟೆ ಒಳಗೆ ಹಾಕಿಸ್ಬುಡಿ. ಇಲ್ಲಾಂದ್ರೆ ಹೆಗ್ಗದ್ದೆ ಕಡೆ ಎಸ್ಟೇಟಿಂದ ಜೀಪು ಬತ್ತದೆ, ಹತ್ತಿ ಹೋಯ್ತೀವಿ. ಹದ್ನೈದು ದಿನ ಈ ಕಡೆ ಬರಾಕಿಲ್ಲ."

ಹದಿನೈದು ದಿನ! ಅಷ್ಟರಲ್ಲಿ ಗಿಡದಲ್ಲಿ ಎಲೆ ಮಾತ್ರ ಉಳಿದಿರುತ್ತದೆ. ವೀರಭದ್ರಯ್ಯ ಗಾಬರಿಯಿಂದ ಫೋನು ತೆಗೆದು ಗಜಘಂಟೆ ಹುಡುಕಿ ಒತ್ತಿದರು. ಪರದೆಯ ಮೇಲೆ ಒಂದು ಮೊಲ ಕುಣಿಯುತ್ತ ಬಂದು, 'ಪುಟಾಣಿ, ಇದು ದೊಡ್ಡವರ ಆ್ಯಪ್. ಅಮ್ಮನನ್ನು ಕೇಳೋಣವೇ?' ಎಂದಿತು.

ಅಮ್ಮ ಎಂದರೆ ಹೇಮಶ್ರೀ. ಅವಳಿಗೆ ಅವತ್ತು ಪರೀಕ್ಷೆ ಡ್ಯೂಟಿ. ಅವಳ ಫೋನು ಸಂಜೆಯವರೆಗೆ ಶಾಲೆಯ ಬೀರುವಿನಲ್ಲಿ. ಬೇಲಿಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡ ಮಹಾದೇವಯ್ಯ ಕರೆಯದೇ ಬಂದ.

"ಕೊಡಿಲ್ಲಿ ವೀರಭದ್ರಣ್ಣ, ಆ ಕಾವಲನ್ನೇ ಕಿತ್ತಾಕ್ಬುಟ್ರೆ ಆಯ್ತಪ್ಪ."

ಮಹಾದೇವಯ್ಯ ಒತ್ತಿ ಹಿಡಿದ, ಎಳೆದ, ಮೇಲಕ್ಕೆ ತಳ್ಳಿದ. ಬೇರೆ ಆ್ಯಪ್‌ಗಳೆಲ್ಲ ನಡುಗಿದವು, ಕಾವಲು ಮಾತ್ರ ಅಲ್ಲಾಡಲಿಲ್ಲ. ಗುಟ್ಟಿನ ಸಂಖ್ಯೆ ಕೇಳಿತು. ಹೇಮಶ್ರೀ ಹುಟ್ಟಿದ ವರ್ಷ ಹಾಕಿದರು. ತಪ್ಪು. ಅಳಿಯನ ಬೈಕ್ ನಂಬರ್ ಹಾಕಿದರು. ತಪ್ಪು. ಗುರುಶಾಂತಮ್ಮ ಒಳಗಿನಿಂದ, "ಹಸ ಕರು ಹಾಕಿದ್ ತಾರೀಕು ಹಾಕ್ನೋಡಿ" ಎಂದರು. ಅದೂ ತಪ್ಪಾಯಿತು. ಮೊಲ ಕಿವಿ ಜೋಲು ಹಾಕಿಕೊಂಡು, 'ಪುಟಾಣಿ ಹಟ ಮಾಡುತ್ತಿದೆ. ಫೋಟೋ ತೆಗೆದು ಅಮ್ಮನಿಗೆ ಕಳಿಸಲಾಗಿದೆ' ಎಂದು ಕಣ್ಣು ಮುಚ್ಚಿತು.

"ಇದು ನನ್ ಕೈಲಿ ಆಗೋ ಕೆಲ್ಸ ಅಲ್ಲ. ಸಕಲೇಶಪುರದಲ್ಲಿ ಅಮ್ಜದ್ ಮೊಬೈಲ್ ಅಂಗ್ಡಿಗೆ ಹೋಗ್ಬುಡಿ" ಎಂದು ಮಹಾದೇವಯ್ಯ ಕೈತೊಳೆದುಕೊಂಡ.

ವೀರಭದ್ರಯ್ಯ ಹತ್ತು ಗಂಟೆಯ ಬಸ್ಸು ಹಿಡಿದರು. ಕಿಟಕಿ ಪಕ್ಕ ಸೀಟು ಸಿಕ್ಕಿತು, ಜೀವಕ್ಕೆ ಒಂದಿಷ್ಟು ಸಮಾಧಾನವೂ ಆಯಿತು. ಬಾಳ್ಳುಪೇಟೆ ಹತ್ತಿರ ಬರುತ್ತಿದ್ದಂತೆ ಜೇಬಿನೊಳಗಿಂದ ಇಡೀ ಬಸ್ಸಿಗೆ ಕೇಳುವ ಹಾಗೆ ಒಂದು ಹೆಣ್ಣು ದನಿ ಕಿರುಚಿತು.

"ಗಮನಿಸಿ! ಮಗು ಮನೆಯಿಂದ ದೂರ ಹೋಗಿದೆ! ಹತ್ತಿರದಲ್ಲಿರುವವರು ದಯವಿಟ್ಟು ಮಗುವನ್ನು ಹಿಡಿದು ನಿಲ್ಲಿಸಿ!"

ಕಂಡಕ್ಟರ್ ಸೀಟಿ ಊದಿದ. ಬಸ್ಸು ಗಕ್ಕನೆ ನಿಂತಿತು.

"ಯಾರದ್ರೀ ಮಗು? ಯಾವ್ ಮಗು?"

ಯಾರಿಗೂ ಗೊತ್ತಿಲ್ಲ. ಎಲ್ಲರೂ ಸೀಟಿನ ಕೆಳಗೆ ಬಗ್ಗಿ ನೋಡಿದರು. ಮುಂದಿನ ಸೀಟಿನ ಆಯಿಷಾ ಎಂಬ ಹೆಂಗಸಿನ ಮಡಿಲಲ್ಲಿ ನಾಲ್ಕು ವರ್ಷದ ಹುಡುಗಿ ಬನ್ನು ತಿನ್ನುತ್ತಿತ್ತು. ಹಿಂದಿನಿಂದ ಯಾರೋ, "ಅದೇ ಇರ್ಬೇಕು, ಕೇಳ್ರೀ" ಎಂದರು. ಕಂಡಕ್ಟರ್ ಬಗ್ಗಿ, "ಪಾಪು, ಇವ್ರು ನಿಮ್ಮಮ್ಮನೇನಾ?" ಎಂದದ್ದೇ ತಡ, ಹುಡುಗಿ ಹೋ ಎಂದು ಅಳತೊಡಗಿತು. ಆಯಿಷಾ ಎದ್ದು ನಿಂತರು.

"ರೀ, ಏನಂತ ಮಾತಾಡ್ತಿದೀರಾ? ನನ್ ಹೊಟ್ಟೇಲಿ ಹುಟ್ಟಿದ್ ಮಗೂಗೆ ನಾನೇ ಕಳ್ಳೀನಾ?"

"ಗಮನಿಸಿ! ಮಗು ಗಾಬರಿಯಾಗಿರಬಹುದು! ಮಗುವಿಗೆ ನೀರು ಕೊಡಿ!" ಎಂದಿತು ಜೇಬು.

ಈಗ ಎಲ್ಲರ ಕಣ್ಣೂ ವೀರಭದ್ರಯ್ಯನವರ ಜೇಬಿನ ಮೇಲೆ ಬಿತ್ತು. ಅವರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಬೇರೆ ದಾರಿ ಇರಲಿಲ್ಲ.

"ತಪ್ ತಿಳ್ಕೋಬೇಡಿ ತಾಯಿ. ಆ ಮಗು... ನಾನೇ."

ಬಸ್ಸಿನಲ್ಲಿ ಎದ್ದ ನಗು ಸಕಲೇಶಪುರ ಬರುವವರೆಗೂ ಇಳಿಯಲಿಲ್ಲ. ಇಳಿಯುವಾಗ ಆಯಿಷಾ ಅವರೇ ಕರುಣೆಯಿಂದ ನೀರಿನ ಬಾಟಲಿ ಕೊಟ್ಟರು. ಕಂಡಕ್ಟರ್ ಮಾತ್ರ, "ಹುಷಾರಾಗಿ ರಸ್ತೆ ದಾಟು ಮರಿ" ಎಂದ. ಇವನ ಹಲ್ಲು ಉದುರಿಸಬೇಕು ಎಂದುಕೊಂಡು ವೀರಭದ್ರಯ್ಯ ಅಮ್ಜದ್ ಅಂಗಡಿಯ ಕಡೆ ನಡೆದರು.

ಅಂಗಡಿಯಲ್ಲಿ ಅಮ್ಜದ್ ಇರಲಿಲ್ಲ. ಅವನ ತಂಗಿ ರುಕ್ಸಾರ್ ಇದ್ದಳು. ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅಂಕಲ್, ಈ ಆ್ಯಪ್ ನಿಮ್ ಫೋನಿಗೆ ಅಡ್ಮಿನ್ ಆಗಿ ಕೂತಿದೆ. ಡಿಲೀಟ್ ಆಗಲ್ಲ. ರೀಸೆಟ್ ಹೊಡೆದ್ರೂ ಮಗಳ ಪಾಸ್‌ವರ್ಡ್ ಕೇಳುತ್ತೆ. ಒಂದೇ ದಾರಿ, ರೂಟ್ ಮಾಡ್ಬೇಕು."

"ರೂಟಾ? ಈಗ್ತಾನೆ ಬಾಳ್ಳುಪೇಟೆ ಮೇಲೆ ಬಂದೆ ಕಣಮ್ಮ."

"ಬಸ್ ರೂಟಲ್ಲ ಅಂಕಲ್! ಫೋನ್ ಮಾಡಿದ ಕಂಪನಿಯೋರು ಒಳಗೊಂದು ಬಾಗಿಲು ಮುಚ್ಚಿರ್ತಾರೆ. ಅದನ್ನ ತೆಗೀತೀನಿ. ಆಮೇಲೆ ಯಾವ ಆ್ಯಪ್ ಬೇಕು ಹಾಕ್ಬಹುದು, ಯಾವ್ದು ಬೇಡ ಕೀಳ್ಬಹುದು. ಫೋನಿಗೆ ನೀವೇ ಯಜಮಾನ್ರು. ಆದ್ರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ, ಗ್ಯಾರಂಟಿನೂ ಇರಲ್ಲ."

ವೀರಭದ್ರಯ್ಯನವರಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೆ ನೀವೇ ಯಜಮಾನ್ರು ಎಂಬ ಮಾತು ಹಿತವಾಗಿ ಕೇಳಿಸಿತು. ಮನೆಯಲ್ಲಿ ಗುರುಶಾಂತಮ್ಮ, ಫೋನಿನಲ್ಲಿ ಹೇಮಶ್ರೀ, ಇವರು ಯಾವುದಕ್ಕೂ ಯಜಮಾನರಾಗಿ ಎಷ್ಟು ಕಾಲವಾಗಿತ್ತೋ. "ಮಾಡ್ಬುಡಮ್ಮ" ಎಂದರು.

ರುಕ್ಸಾರ್ ಫೋನಿಗೆ ವೈರು ಚುಚ್ಚಿ ಕಂಪ್ಯೂಟರಿನ ಮುಂದೆ ಕೂತಳು. ಫೋನು ಸತ್ತಿತು, ಬದುಕಿತು, ಮತ್ತೆ ಸತ್ತಿತು. ಚೈನಾ ಭಾಷೆಯಲ್ಲಿ ಏನೋ ಹೇಳಿತು. ವೀರಭದ್ರಯ್ಯ ಎರಡು ಟೀ ಕುಡಿದರು. ಊಟದ ಹೊತ್ತು ದಾಟಿತು. ಮೂರು ಗಂಟೆಗೆ ಕಾವಲು ಹೋಗಿತ್ತು, ಮೊಲ ಹೋಗಿತ್ತು, ಗಜಘಂಟೆ ಬಂದು ಕೂತಿತ್ತು.

"ಈಗ ಅದು ಕೇಳಿದ್ದನ್ನ ತುಂಬಿ ಅಂಕಲ್" ಎಂದು ಹೇಳಿ ರುಕ್ಸಾರ್ ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದಳು.

ಹೆಸರು, ಊರು, ತೋಟದ ಸರ್ವೆ ನಂಬರ್ ಎಲ್ಲ ಸಲೀಸಾಗಿ ತುಂಬಿದರು. ಕೊನೆಗೆ ಒಂದು ಪ್ರಶ್ನೆ ಬಂತು. ನಿಮ್ಮ ತೋಟದಲ್ಲಿ ಆನೆ ಇದೆಯೇ? ಇದ್ದರೆ ಎಷ್ಟು?

ವೀರಭದ್ರಯ್ಯ ಅಲ್ಲಿ ಜಾಣರಾದರು. ಮೂರು ವರ್ಷದ ಹಿಂದೆ ಒಂದು ಆನೆ ಬಂದು ಇವರ ಬಾಳೆಯನ್ನೆಲ್ಲ ಮುರಿದು ಹೋಗಿತ್ತು. ಪರಿಹಾರದ ಅರ್ಜಿಯಲ್ಲಿ ಇವರು ಇದ್ದದ್ದು ಇದ್ದ ಹಾಗೆ ಒಂದು ಎಂದು ಬರೆದರು. ಏನೂ ಸಿಗಲಿಲ್ಲ. ಆಮೇಲೆ ಊರಿನವರೆಲ್ಲ, 'ಅರ್ಜೀಲಿ ಯಾರಾದ್ರೂ ಒಂದಾನೆ ಬರೀತಾರಾ? ಐದಾರು ಬರೆದ್ರೆ ಆಫೀಸ್ನೋರು ಕಡಿದು ಕಡಿದು ಒಂದಾದ್ರೂ ಉಳೀತದೆ' ಎಂದು ಬುದ್ಧಿ ಹೇಳಿದ್ದರು. ಈ ಸಲ ಮೋಸ ಹೋಗುವವರಲ್ಲ. ಏಳು ಎಂದು ಹಾಕಿದರು. ಮರಿ ಇದೆಯೇ ಎಂದು ಕೇಳಿತು. ಇರಲಿ ಎಂದು ಎರಡು ಮರಿಯನ್ನೂ ಸೇರಿಸಿದರು. 'ಕಳಿಸು' ಒತ್ತಿ, ದುಡ್ಡು ಕೊಟ್ಟು, ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದರು.

ನಾಲ್ಕೂವರೆಗೆ ಪಾಳ್ಯದಲ್ಲಿ ಇಳಿದು ನೋಡುತ್ತಾರೆ, ಟೀ ಅಂಗಡಿ ಮುಂದೆ ಜಾತ್ರೆಯಷ್ಟು ಜನ. ಪಟಾಕಿ, ತಮಟೆ, ಡಬ್ಬ. ಇಪ್ಪತ್ತೆರಡು ಹೆಂಗಸರೂ ಬುತ್ತಿ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಿದ್ದರು.

"ವೆಂಕಟೇಶ, ಹಾಕಿಸ್ಕೊಂಡ್ ಬಂದೆ ಕಣೋ! ನೋಡು ಗಜಘಂಟೆ!"

ವೆಂಕಟೇಶ ಮುಖ ಗಂಟು ಹಾಕಿಕೊಂಡು ತನ್ನ ಫೋನನ್ನೇ ಇವರ ಮುಂದೆ ಹಿಡಿದ. ನಕ್ಷೆಯ ಮೇಲೆ ಇವರ ಮೂರು ಎಕರೆ ಹಣ್ಣು ಮೆಣಸಿನಕಾಯಿಯ ಹಾಗೆ ಕೆಂಪಗಿತ್ತು. 'ವೀರಭದ್ರಯ್ಯನವರ ತೋಟ. ಆನೆ ಏಳು. ಮರಿ ಎರಡು. ಮಾಹಿತಿ: ವೀರಭದ್ರಯ್ಯ.'

ವೀರಭದ್ರಯ್ಯ ಎರಡೂ ಕೈ ಮೇಲೆತ್ತಿದರು.

"ಅಯ್ಯೋ, ಅದು ಹಂಗಲ್ಲ ಕಣ್ರಪ್ಪ! ಆನೆ ಇಲ್ಲ! ಒಂದೂ ಇಲ್ಲ! ಅರ್ಜಿ ಅಂದ್ಕೊಂಡು ಹಾಕ್ಬುಟ್ಟೆ!"

"ನೋಡ್ರವ್ವ ಇವ್ರ ಬುದ್ಧೀನ!" ಎಂದಳು ಗುಂಪಿನ ಹಿರಿಯ ಹೆಂಗಸು. "ಹಣ್ಣು ಉದುರ್ತದೆ ಅಂತ ಈಗ ಆನೇನೇ ಇಲ್ಲ ಅಂತಾವ್ರೆ! ನಮ್ಮನ್ನೇನು ಆನೆ ಬಾಯಿಗೆ ಕೊಡೋಕೆ ನಿಂತಿದೀರಾ ಯಜಮಾನ್ರೆ?"

"ನನ್ ಮಗಳಾಣೆ ಇಲ್ಲ ಕಣಮ್ಮ!"

"ಮಗಳ ಮೇಲೆ ಆಣೆ ಬೇರೆ!" ಎಂದ ಮಹಾದೇವಯ್ಯ. "ಬುಡಿ ವೀರಭದ್ರಣ್ಣ. ಎಲ್ಲಿಗೆ ಬಂತು ನಿಮ್ ಆಸೆ."

ಬೆಳಿಗ್ಗೆಯಿಂದ ಸುಳ್ಳು ಹೇಳಿದ್ದು ಒಂದೇ ಸಲ, ಅದನ್ನು ಊರೇ ನಂಬಿತ್ತು. ಈಗ ನಿಜ ಹೇಳುತ್ತಿದ್ದರೆ ಒಬ್ಬರೂ ಕೇಳುವವರಿಲ್ಲ. ವೀರಭದ್ರಯ್ಯ ಅಂಗಡಿ ಬಿಲ್ಲಿನ ಮೇಲಿದ್ದ ನಂಬರ್ ಒತ್ತಿ ರುಕ್ಸಾರ್‌ಗೆ ಫೋನು ಮಾಡಿದರು. ಆ್ಯಪ್ ಕಿತ್ತರೂ ಸುದ್ದಿ ಅಳಿಸಿಹೋಗುವುದಿಲ್ಲ ಎಂದಳು. ಸುದ್ದಿ ಕೊಟ್ಟವರೇ ತೋಟದ ನಟ್ಟನಡುವೆ ನಿಂತು 'ಆನೆ ಇಲ್ಲ' ಎಂದು ಒತ್ತಬೇಕಂತೆ. ಮನೆಯಲ್ಲಿ ಕೂತು ಒತ್ತಿದರೆ ನಡೆಯುವುದಿಲ್ಲವಂತೆ.

ಅಷ್ಟೇ ತಾನೆ! ವೀರಭದ್ರಯ್ಯ ವೆಂಕಟೇಶನ ಕೈ ಹಿಡಿದುಕೊಂಡರು.

"ಕೆಂಪು ಹೋದ್ರೆ ಬತ್ತೀಯೇನೋ?"

"ಕೆಂಪು ಹೋದ್ರೆ ನಂದೇನಿಲ್ಲ ಯಜಮಾನ್ರೆ, ನಾಳೆ ಏಳಕ್ಕೆ ಬತ್ತೀವಿ. ಆದ್ರೆ ಜೀಪು ಬರೋ ಹೊತ್ತಾಯ್ತು."

ಅವರು ಯಾರಿಗೂ ಹೇಳದೆ ಗುಂಪಿನಿಂದ ಜಾರಿದರು. ಹೇಳಿದ್ದರೆ ಹಿಡಿದು ಕೂರಿಸುತ್ತಿದ್ದರು. ಹಿಂದಿನ ಗದ್ದೆಬದುವಿನಿಂದ ಬೇಲಿ ನುಸುಳಿ ತೋಟದೊಳಗೆ ಬಿದ್ದರು. ಕಾಫಿ ಗಿಡಗಳು ಆಳೆತ್ತರಕ್ಕೆ ಹೆಣೆದುಕೊಂಡಿದ್ದವು. ಹೊತ್ತು ಇಳಿಯುತ್ತಿತ್ತು. ನಡುವಿಗೆ ಹೋದರೆ ಸಿಗ್ನಲ್ ಇಲ್ಲ. ಫೋನನ್ನು ಮೇಲೆತ್ತಿ ಹಿಡಿದುಕೊಂಡು ಗಿಡದ ಮೇಲೆ ಗಿಡ ನೂಕಿದರು. ರೆಂಬೆಗಳು ಲಟಲಟ ಮುರಿದವು, ಹಣ್ಣು ದಬದಬ ಉದುರಿತು, ಕಾಲು ಜಾರಿ ಮಳೆನೀರು ಇಂಗಲು ತೋಡಿದ್ದ ಗುಂಡಿಗೆ ಬಿದ್ದು "ಅಯ್ಯಪ್ಪಾ" ಎಂದು ಜೋರಾಗಿ ನರಳಿದರು. ಎದ್ದು ಹಲಸಿನ ಮರದ ಬುಡಕ್ಕೆ ಹೋದಾಗ ಒಂದು ಕಡ್ಡಿ ಸಿಗ್ನಲ್ ಬಂತು.

'ಆನೆ ಇಲ್ಲ' ಒತ್ತಿದರು. ಚಕ್ರ ಸುತ್ತಿತು. ಸುತ್ತುತ್ತಲೇ ಇತ್ತು. ಕೊನೆಗೆ ನಕ್ಷೆಯಲ್ಲಿ ತೋಟದ ಚೌಕ ಹಸಿರಾಯಿತು! ವೀರಭದ್ರಯ್ಯನವರ ಕಣ್ಣಲ್ಲಿ ನೀರು ಬಂತು. ಬದುಕಿದೆ ಎಂದುಕೊಂಡು ಹಲಸಿನ ಬೇರಿನ ಮೇಲೆ ಕುಕ್ಕರಿಸಿದರು.

ಆಗ ಕೈಯಲ್ಲಿದ್ದ ಫೋನು ಢಣಢಣ ಗಂಟೆ ಹೊಡೆಯಿತು. ರಸ್ತೆಯ ಕಡೆ ಇದ್ದಷ್ಟೂ ಫೋನುಗಳು ಒಟ್ಟಿಗೇ ಹೊಡೆದುಕೊಂಡದ್ದು ಅಲ್ಲಿಗೂ ಕೇಳಿಸಿತು. ಚೌಕ ಮತ್ತೆ ಕೆಂಪಾಗಿತ್ತು.

'ವೀರಭದ್ರಯ್ಯನವರ ತೋಟ. ಎಂಟನೇ ಆನೆ ಬಂದಿದೆ. ಒಂಟಿ ಸಲಗ, ಗಿಡ ಮುರಿಯುತ್ತ ಹಲಸಿನ ಮರದ ಕಡೆ ಹೋಗಿದೆ, ಘೀಳಿಟ್ಟಿದೆ. ಕಣ್ಣಾರೆ ಕಂಡವರು: ಮಹಾದೇವಯ್ಯ.'

"ನಾನು ಕಣ್ರೋ!" ಎಂದು ಕೂಗಲು ವೀರಭದ್ರಯ್ಯ ಎದ್ದು ನಿಂತರು. ಗಿಡ ಅಲ್ಲಾಡಿತು. "ಅಗೋ, ಅಲ್ಲೇ ಐತೆ!" ಎಂದು ಯಾರೋ ಅರಚಿದರು. ಮೊದಲನೇ ಪಟಾಕಿ ಹಲಸಿನ ಮರಕ್ಕೆ ಹತ್ತಡಿ ದೂರದಲ್ಲಿ ಸಿಡಿಯಿತು, ಆ ಸದ್ದಿನ ಹಿಂದೆಯೇ ಹೆಗ್ಗದ್ದೆಯ ಜೀಪು ಇಪ್ಪತ್ತೆರಡು ಹೆಂಗಸರನ್ನೂ ತುಂಬಿಕೊಂಡು ಹೊರಟ ಸದ್ದು ಕೇಳಿಸಿತು.