ಮಾದರಿ ಪ್ರವಾಸಿಯ ಶುಕ್ರವಾರ

ಸಂಖ್ಯೆ: ಸ್ವಾಗತ/ಮು.ಪ್ರ/ತಾಲೀಮು/17/2025-26
ಕಲಬುರಗಿ

ಸುತ್ತೋಲೆ

ವಿಷಯ: ಮುಸ್ಲಿಂ ಪ್ರವಾಸಿಗರನ್ನು ಬರಮಾಡಿಕೊಳ್ಳಲು ಸಿಬ್ಬಂದಿಯನ್ನು ಸಜ್ಜುಗೊಳಿಸುವ, ಹಾಗೂ ತಾಲೀಮಿನ ನಡುವೆ ಪ್ರವಾಸಿಯೇ ಎದ್ದುಹೋದ ಬಗ್ಗೆ.

ಉಲ್ಲೇಖ: 1) ಮೇಲಿನಿಂದ ಬಂದ ಪತ್ರ (ಓದಿಲ್ಲ). 2) ಸದರಿ ಪತ್ರಕ್ಕೆ ಬಂದ ನೆನಪೋಲೆ (ಓದಲಾಗಿದೆ).

ಜಿಲ್ಲೆಗೆ ಮುಸ್ಲಿಂ ಪ್ರವಾಸಿಗರು ಹೆಚ್ಚಿನ ಸಂಖ್ಯೆಯಲ್ಲಿ ಬರುವ ನಿರೀಕ್ಷೆ ಇರುತ್ತದೆ. ಈ ಸಮುದಾಯದವರು ಆರು ನೂರು ವರ್ಷಗಳಿಂದ ಇದೇ ನಗರದಲ್ಲಿ ವಾಸವಾಗಿರುವುದು ಕಚೇರಿಯ ಗಮನಕ್ಕೆ ಬಂದಿದೆ. ಆದರೆ ಅವರು ಪ್ರವಾಸಿಗರಲ್ಲವಾದ್ದರಿಂದ ಅವರನ್ನು ಏನನ್ನೂ ಕೇಳಲು ನಿಯಮಗಳಲ್ಲಿ ಅವಕಾಶವಿಲ್ಲ. ಆದಕಾರಣ ಹೊರರಾಜ್ಯದ ತಜ್ಞರನ್ನು ಕರೆಸಿ ಬುಧವಾರದಿಂದ ಶುಕ್ರವಾರದವರೆಗೆ ತಾಲೀಮು ನಡೆಸಲಾಗಿದ್ದು, ಈ ಕೆಳಕಂಡಂತೆ ಆದೇಶಿಸಿದೆ.

1. ತಾಲೀಮಿಗೆ ಅಸಲಿ ಪ್ರವಾಸಿ ಸಿಗದ ಕಾರಣ, ಹತ್ತೊಂಬತ್ತು ವರ್ಷಗಳಿಂದ ಕಚೇರಿಯ ಜೀಪು ಓಡಿಸುತ್ತಿರುವ ಕುಸನೂರ ನಿವಾಸಿ ಶ್ರೀ ಮಕ್ಸೂದ್ ಅವರನ್ನು 'ಮಾದರಿ ಪ್ರವಾಸಿ' ಎಂದು ಘೋಷಿಸಲಾಗಿದೆ. ಸದರಿಯವರು ವೇದಿಕೆಯ ಮೇಲೆ ಕುಳಿತು ಸುತ್ತಲೂ ಬೆರಗಿನಿಂದ ನೋಡತಕ್ಕದ್ದೆಂದು ಸೂಚಿಸಲಾಗಿತ್ತು. ಇದುವರೆಗೆ ಅವರನ್ನು 'ಏ ಮಕ್ಸೂದ್, ಗಾಡಿ ತಗಿ' ಎನ್ನುತ್ತಿದ್ದ ಸಿಬ್ಬಂದಿ ಮೂರು ದಿನದ ಮಟ್ಟಿಗೆ ಬಾಗಿ 'ಆದಾಬ್' ಎನ್ನತಕ್ಕದ್ದೆಂದು ಆದೇಶವಿತ್ತು.

2. ಕಮಲಾಪುರದ ಅತಿಥಿಗೃಹದಲ್ಲಿ ನಮಾಜಿನ ದಿಕ್ಕು ತೋರುವ ಬಾಣದ ಗುರುತನ್ನು ಒಂದನೇ ಕೋಣೆಯ ಬಾಗಿಲು ನೋಡಿ ನಿಗದಿಪಡಿಸಿ, ಅದೇ ನಕಾಶೆಯಂತೆ ಹನ್ನೆರಡೂ ಕೋಣೆಗಳಲ್ಲಿ ಅಂಟಿಸಲಾಗಿದೆ. ಹೀಗಾಗಿ ಎದುರು ಸಾಲಿನ ಆರು ಕೋಣೆಗಳಲ್ಲಿ ಬಾಣವು ಪಶ್ಚಿಮದ ಬದಲು ಪೂರ್ವಕ್ಕೆ ತಿರುಗಿರುತ್ತದೆ. ನಕಾಶೆಗೆ ಅನುಮೋದನೆ ದೊರೆತಿರುವುದರಿಂದ ದಿಕ್ಕನ್ನು ಬದಲಿಸಲು ಬರುವುದಿಲ್ಲ. ಈ ತಪ್ಪನ್ನು ತೋರಿಸಿಕೊಟ್ಟ ಮಾದರಿ ಪ್ರವಾಸಿಗೆ, ಪ್ರವಾಸಿಗೆ ಊರಿನ ದಿಕ್ಕು ಗೊತ್ತಿರಬಾರದೆಂದು ತಿಳಿವಳಿಕೆ ನೀಡಲಾಗಿದೆ.

3. ಸ್ವಾಗತಕ್ಕೆ ಕಮಲಾಪುರದ ಕೆಂಪು ಬಾಳೆಹಣ್ಣು ನೀಡತಕ್ಕದ್ದು. ಹಣ್ಣಿಗೆ ಹಲಾಲ್ ಪ್ರಮಾಣಪತ್ರ ಹಾಜರುಪಡಿಸುವಂತೆ ಬೆಳೆಗಾರರಾದ ಶಿವಕಾಂತಮ್ಮ ಅವರಿಗೆ ನೋಟಿಸು ನೀಡಲಾಗಿ, 'ಬಾಳಿಹಣ್ಣಿಗೇನ್ ಸರ್ಟಿಫಿಕೇಟ್ರೀ? ಸುಲದು ತಿನ್ರಿ' ಎಂದು ಉತ್ತರ ಬಂದಿದೆ. ಉತ್ತರವು ಪರಿಶೀಲನೆಯಲ್ಲಿದೆ. ಹಣ್ಣು ಕೊಳೆತಿದೆ.

4. ನಮಾಜಿನ ಕೋಣೆಯನ್ನು ಉದ್ಘಾಟಿಸಿ ಬೀಗ ಹಾಕಲಾಗಿದೆ. ಬಳಸಲು ಇಚ್ಛಿಸುವವರು ಏಳು ದಿನ ಮುಂಚಿತವಾಗಿ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

5. ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜಿಗೆಂದು ಶ್ರೀ ಮಕ್ಸೂದ್ ಅವರು ಒಂದು ತಾಸು ಬಿಡುವು ಕೋರಿದ್ದು, ಅದನ್ನು ತಿರಸ್ಕರಿಸಲಾಗಿದೆ. 'ನಮಾಜಿಗೆ ಹೊರಟ ಪ್ರವಾಸಿಗೆ ಬಿಡುವು ಮಾಡಿಕೊಡುವ ಕ್ರಮ' ಎಂಬ ಪ್ರಾತ್ಯಕ್ಷಿಕೆಯು ಅದೇ ವೇಳೆಗೆ ನಿಗದಿಯಾಗಿದ್ದು, ವೇದಿಕೆಯಲ್ಲಿ ಅವರ ಹಾಜರಿ ಕಡ್ಡಾಯವಾಗಿತ್ತು. ಆದಾಗ್ಯೂ ಸದರಿಯವರು ಜೀಪಿನ ಕೀಲಿಯನ್ನು ತಜ್ಞರ ಮುಂದಿಟ್ಟು ನಮಾಜಿಗೆ ಹೋಗಿರುತ್ತಾರೆ. ಬಾಗಿ ನಿಂತಿದ್ದ ಸಿಬ್ಬಂದಿ, ಏಳಲು ಆದೇಶವಿಲ್ಲದ ಕಾರಣ, ಹಾಗೆಯೇ ನಿಂತಿರುತ್ತಾರೆ.

6. ಕಾರಣ ಕೇಳಲಾಗಿ ಅವರು ನೀಡಿದ ಸಮಜಾಯಿಷಿ ಇದ್ದಂತೆಯೇ: 'ಸಾಹೇಬ್ರ, ಹತ್ತೊಂಬತ್ತ ವರ್ಷ ಆತು, ಶುಕ್ರವಾರ ಒಂದ್ ತಾಸು ಬಿಡ್ರಿ ಅಂತ ಕೇಳ್ಕೋತ ಬಂದೀನಿ. ಒಮ್ಮೆ ಮೀಟಿಂಗ್ ಅಂದ್ರಿ, ಒಮ್ಮೆ ನಿಮ್ಮ ಮನಿ ಕಾಯಿಪಲ್ಯ ಅಂದ್ರಿ. ಮೂರ್ ದಿನ ಆದಾಬ್ ಅಂದ್ರಿ, ಖುಷಿನೂ ಆತು, ಹೊಟ್ಟಿನೂ ಉರೀತು. ಯಾರೋ ಬರೋರಿಗೆ ಇಷ್ಟೆಲ್ಲಾ ಮಾಡಾಕತ್ತೀರಿ. ನನಗ ಒಂದ್ ತಾಸು ಕೊಟ್ಟಿದ್ರ ನಿಮ್ಮ ಗಂಟೇನ್ ಹೋಗ್ತಿತ್ರಿ?'

7. ಸಮಜಾಯಿಷಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಬಿಡುವಿನ ಸೌಲಭ್ಯವು ಹೊರಗಿನಿಂದ ಬಂದವರಿಗೆ ಮಾತ್ರ ಅನ್ವಯವಾಗುತ್ತದೆ. ಶ್ರೀ ಮಕ್ಸೂದ್ ಅವರಿಗೆ ಅದು ಬೇಕಿದ್ದಲ್ಲಿ, ಮೊದಲು ಊರು ಬಿಟ್ಟು ಹೋಗಿ, ನಂತರ ಪ್ರವಾಸಿಯಾಗಿ ಮರಳಿ ಬರತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

ಸಹಿ/-
(ಖಂಡೆಪ್ಪ)
ಪ್ರಭಾರ ಸ್ವಾಗತಾಧಿಕಾರಿ

ಪ್ರತಿಗಳು:
1. ತಜ್ಞರಿಗೆ, ಅವರ ಊರಿನ ವಿಳಾಸಕ್ಕೆ.
2. ಕಮಲಾಪುರ ಅತಿಥಿಗೃಹಕ್ಕೆ, ಬಾಣವು ಪೂರ್ವಕ್ಕೆ ತಿರುಗಿರುವ ಆರು ಕೋಣೆಗಳಲ್ಲಿ ಅಂಟಿಸಲು.
3. ಶ್ರೀ ಮಕ್ಸೂದ್, ಚಾಲಕರು. ಮುಂದಿನ ಶುಕ್ರವಾರ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಖುದ್ದು ಹಾಜರಾಗಿ ಪ್ರತಿ ಪಡೆಯುವುದು.