ಮಾಟಗಾತಿ ಮೋರೀನ್ ಮತ್ತು ಗಂಗವ್ವನ ಕರಡಿಗೆ

ಸಭೆಯಲ್ಲಿ ಯಾರಾದರೂ ಎದ್ದು ನಿಂತು ‘ಸ್ವಯಂಸೇವಕರು ಬೇಕಾಗಿದ್ದಾರೆ’ ಎಂದಾಗ ಕಣ್ಣನ್ನು ಎಲ್ಲಿಡಬೇಕು ಎಂಬುದನ್ನು ಶಾಲೆಯಲ್ಲೇ ಕಲಿಸಬೇಕು. ಬಲ್ಲವರು ಆ ಹೊತ್ತಿಗೆ ಸರಿಯಾಗಿ ತಮ್ಮ ಕಾಲುಬೆರಳು ನೋಡಿಕೊಳ್ಳುತ್ತಾರೆ, ಕೈಚೀಲದಲ್ಲಿ ಏನೋ ಹುಡುಕುತ್ತಾರೆ, ಇಲ್ಲವೇ ಮಗುವನ್ನು ಬಾತ್‌ರೂಮಿಗೆ ಕರೆದೊಯ್ಯುತ್ತಾರೆ. ನನಗೆ ಈ ವಿದ್ಯೆ ಒಲಿಯಲಿಲ್ಲ. ಶೆಫೀಲ್ಡ್‌ನ ನಮ್ಮ ಕನ್ನಡ ಕೂಟದ ಗಣೇಶನ ಹಬ್ಬಕ್ಕೆ ಆಸ್ಪತ್ರೆಯವರೊಬ್ಬರು ಬಂದು, ರೋಗಿಗಳ ಬಳಿ ಕುಳಿತು ಸಮಾಧಾನ ಹೇಳಲು ಹಿಂದೂಗಳ ಕಡೆಯಿಂದ ಒಬ್ಬರು ಬೇಕು ಎಂದಾಗ, ಇಡೀ ಸಭೆ ನೆಲ ನೋಡುತ್ತಿತ್ತು. ನಾನು ಮಾತ್ರ ಗಣೇಶನ ಮುಂದಿದ್ದ ಕಡುಬಿನ ತಟ್ಟೆಯನ್ನು ನಗುಮುಖದಿಂದ ನೋಡುತ್ತಿದ್ದೆ. ಆ ಕಡುಬಿನ ಪಕ್ಕದಲ್ಲೇ ಆಸ್ಪತ್ರೆಯವರು ನಿಂತಿದ್ದರು. ‘ಓ, ನೀವು ನಗುತ್ತಿದ್ದೀರಿ, ಧನ್ಯವಾದ’ ಎಂದರು. ಹೀಗೆ, ಪೂರ್ತಿ ವಿಷ್ಣು ಸಹಸ್ರನಾಮ ಕೇಳಿದರೆ ಅರ್ಧಕ್ಕೆ ತೂಕಡಿಸುವ, ಸೆಕೆಂಡರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ, ಮೈಸೂರಿನ ಸುಮಾ ಎಂಬ ನಾನು ಆಸ್ಪತ್ರೆಯ ಪಾಲಿಗೆ ಹಿಂದೂ ಧರ್ಮವಾದೆ.

ತರಬೇತಿಯ ಮೊದಲ ದಿನ ಎಲ್ಲರೂ ದುಂಡಗೆ ಕುಳಿತು ಪರಿಚಯ ಹೇಳಿಕೊಂಡೆವು. ಒಬ್ಬರು ಪಾದ್ರಿ, ಒಬ್ಬರು ಇಮಾಮ್, ಒಬ್ಬರು ಬೌದ್ಧರು. ನನ್ನ ಪಕ್ಕದಲ್ಲಿ ಬಿಳಿಗೂದಲನ್ನು ಜಡೆ ಹಾಕಿ, ನೇರಳೆ ಸ್ವೆಟರ್ ತೊಟ್ಟ, ಅರವತ್ತು ದಾಟಿದ ಒಬ್ಬ ದಷ್ಟಪುಷ್ಟ ಹೆಂಗಸು ಇದ್ದರು. ಕತ್ತಿನಲ್ಲಿ ಬೆಳ್ಳಿಯ ಪಂಚಕೋನ ನಕ್ಷತ್ರ. ‘ನಾನು ಮೋರೀನ್. ಮೊದಲು ಬಸ್ ಓಡಿಸ್ತಿದ್ದೆ, ಈಗ ರಿಟೈರ್ಡ್. ನಾನು ವಿಚ್. ವಿಕ್ಕಾ ಅಂತ, ಪ್ರಕೃತಿಯನ್ನ ಪೂಜಿಸೋ ಪಂಥದ ಅರ್ಚಕಿ’ ಎಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ, ಆದರೆ ಕುರ್ಚಿಯನ್ನು ಸ್ವಲ್ಪ ಆಚೆಗೂ ಸರಿಸಿದೆ. ಮನೆಗೆ ಬಂದವಳೇ ನನ್ನ ಗಂಡ ರಘುವಿಗೆ, ‘ರೀ, ನನ್ನ ಪಕ್ಕ ಮಾಟಗಾತಿ ಕೂತಿದ್ಲು ಕಣ್ರೀ!’ ಎಂದೆ. ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, ‘ನಿಂಬೆಹಣ್ಣು ಗಿಂಬೆಹಣ್ಣು ಏನಾದ್ರೂ ಇಟ್ಟಿದ್ಲಾ?’ ಎಂದು ಕೇಳಿದ. ಇಟ್ಟಿದ್ದು ನಿಜ. ಆದರೆ ಅದು ಕೇಕಿನೊಳಗಿತ್ತು. ಮನೆಯಲ್ಲೇ ಮಾಡಿ ತಂದಿದ್ದರು. ಹೆದರಿಕೆಯಲ್ಲೂ ನಾನು ಎರಡನೇ ತುಂಡು ತೆಗೆದುಕೊಂಡಿದ್ದೆ.

ಆಸ್ಪತ್ರೆಯ ರೋಟಾದಲ್ಲಿ ನಮ್ಮಿಬ್ಬರ ಸರದಿ ಒಂದೇ ದಿನ ಬಂತು. ಇಬ್ಬರಿಗೂ ಬ್ರೂಮ್‌ಹಿಲ್‌ನಲ್ಲಿ ಒಂದೇ ಬಸ್ ಸ್ಟಾಪು. ಶೆಫೀಲ್ಡ್‌ನ ಬಸ್ಸು ತಡವಾಗುವುದರಿಂದ ಸ್ನೇಹ ಬೆಳೆಯಲು ಬೇಕಾದಷ್ಟು ಸಮಯ ಸಿಗುತ್ತದೆ. ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ: ‘ನೀವು ಕಾಡಿನಲ್ಲಿ ಹುಣ್ಣಿಮೆ ಪೂಜೆ ಮಾಡ್ತೀರಿ, ಸರಿ. ಇಲ್ಲಿ ಆಸ್ಪತ್ರೆಯಲ್ಲಿ ನಿಮಗೇನು ಕೆಲಸ? ಇಲ್ಲಿ ಎಷ್ಟು ಜನ ವಿಚ್‌ಗಳಿರ್ತಾರೆ?’ ಮೋರೀನ್ ನಕ್ಕರು. ಯಾರ್ಕ್‌ಶೈರಿನವರಿಗೆ ಎದುರಿಗಿರುವವರೆಲ್ಲ ‘ಲವ್’. ‘ಇರೋದೇ ಅಪರೂಪ, ಲವ್. ಆದ್ರೆ ಅರ್ಚಕಿ ಅಂತ ಹೇಳ್ಕೊಂಡ ಮೇಲೆ ನಮ್ಮ ಮಂಡಲಿಯ ಹನ್ನೆರಡು ಜನಕ್ಕೆ ಮಾತ್ರ ಅರ್ಚಕಿ ಆಗಿದ್ರೆ ಅದು ಕ್ಲಬ್ಬು. ಊರಿನವರು ಕರೆದ್ರೆ ಹೋಗಬೇಕು. ನಮ್ಮ ದೇವಿಯನ್ನ ಅವರ ಮೇಲೆ ಹೇರಬಾರದು. ಡಾಕ್ಟರ್ ಮಾಡೋ ಕೆಲಸ ನಾನು ಮಾಡ್ತೀನಿ ಅನ್ನಬಾರದು. ನನಗೆ ಗೊತ್ತಿಲ್ಲದ್ದು ಯಾರಿಗೆ ಗೊತ್ತಿದೆಯೋ ಅವರಿಗೆ ಫೋನ್ ಮಾಡಬೇಕು. ಇಷ್ಟೇ.’ ನನಗೆ ಮೈಸೂರಿನ ನಮ್ಮ ಮನೆ ಪುರೋಹಿತರು ನೆನಪಾದರು. ಸ್ಕೂಟರು ಆಫ್ ಮಾಡುವ ಮುಂಚೆಯೇ ಸಂಕಲ್ಪ ಶುರು ಮಾಡಿ, ಮುಂದಿನ ಮನೆಯ ಊಟ ತಪ್ಪದಂತೆ ನಮ್ಮ ಮನೆಯ ದೇವರನ್ನು ಕಳುಹಿಸಿಕೊಡುತ್ತಿದ್ದರು. ಪಾಪ, ಊಟ ಮಾತ್ರ ಎರಡೂ ಕಡೆ ಮಾಡುತ್ತಿದ್ದರು.

ಮೋರೀನ್ ಮಾತಿನಲ್ಲಿ ಹೇಳಿದ್ದನ್ನು ಕೈಯಲ್ಲಿ ಮಾಡಿಯೂ ತೋರಿಸುತ್ತಿದ್ದರು. ಒಮ್ಮೆ ‘ಭೂಮಿತಾಯಿಯ ಪೂಜೆ ಇದೆ, ಬಾ’ ಎಂದು ಕರೆದರು. ನಾನು ರೋಮಾಂಚನಗೊಂಡು, ರೇಷ್ಮೆ ಸೀರೆಯೋ ಕಪ್ಪು ಬಟ್ಟೆಯೋ ಎಂದು ಬೀರುವಿನ ಮುಂದೆ ಒದ್ದಾಡಿ, ಕೊನೆಗೆ ಕಪ್ಪು ಬಾರ್ಡರಿನ ರೇಷ್ಮೆ ಸೀರೆ ಉಟ್ಟು ಹೋದೆ. ಅಲ್ಲಿ ಅವರ ಮಂಡಲಿಯವರೆಲ್ಲ ಕೈಗವಸು ಹಾಕಿಕೊಂಡು ಕಾಡಿನಂಚಿನ ಖಾಲಿ ಚಿಪ್ಸ್ ಪ್ಯಾಕೆಟ್ಟು, ಬಿಯರ್ ಕ್ಯಾನು ಹೆಕ್ಕುತ್ತಿದ್ದರು. ನನಗೂ ಒಂದು ಚೀಲ ಕೊಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೂ ಹೆಕ್ಕಿದೆ. ನಾಯಿ ಕರೆದುಕೊಂಡು ಬಂದವರೊಬ್ಬರು, ಈ ಪಂಗಡದ ಹಿರಿಯ ಅರ್ಚಕಿ ನಾನೇ ಎಂದುಕೊಂಡು ನನಗೆ ಬಗ್ಗಿ ವಂದಿಸಿದರು. ನಾನು ತಿದ್ದಲಿಲ್ಲ.

ಇನ್ನು ಗಂಗವ್ವನ ವಿಷಯಕ್ಕೆ ಬರುತ್ತೇನೆ. ಅಕ್ಟೋಬರ್ ರಜೆಯ ಒಂದು ಮಧ್ಯಾಹ್ನ ನಾನು ಚಕ್ಕುಲಿ ಒತ್ತುತ್ತಿದ್ದಾಗ ಮೋರೀನ್ ಫೋನು. ‘ಲವ್, ಬೇಗ ಬಾ. ನಿಮ್ಮ ಕಡೆಯವರೊಬ್ಬರು ಬಂದಿದ್ದಾರೆ. ಒದ್ದೆ ಎಲೆ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಇವತ್ತೇ ಆಪರೇಷನ್ ಆಗಬೇಕು. ಕತ್ತಿನಲ್ಲಿ ಬೆಳ್ಳಿಯದು ಏನೋ ಇದೆ, ಮೊಟ್ಟೆ ಗಾತ್ರ. ತೆಗೆಯೋಕೆ ಬಿಡ್ತಾ ಇಲ್ಲ. ನರ್ಸ್ ಕೈ ಹತ್ತಿರ ತಂದ್ರೆ ಆ ಅಮ್ಮ ಅಳ್ತಾರೆ. ಅದೇನು ಅಂತ ನನಗೆ ಗೊತ್ತಿಲ್ಲ, ಆದ್ರೆ ಅದು ಒಡವೆ ಅಲ್ಲ ಅಂತ ಗೊತ್ತು. ಯಾರೂ ಮುಟ್ಟಬೇಡಿ ಅಂತ ಹೇಳಿ ಪಕ್ಕದಲ್ಲೇ ಕೂತಿದ್ದೀನಿ.’ ನಾನು ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಕೋಟು ಹಾಕಿಕೊಂಡು ಓಡಿದೆ. ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ಬ್ರೂಮ್‌ಹಿಲ್‌ನ ಇಳಿಜಾರಿನಲ್ಲಿ ನಾನು ಓಡುವುದನ್ನು ನನ್ನ ವಿದ್ಯಾರ್ಥಿಯೊಬ್ಬ ಕಂಡು ಮೊಬೈಲು ತೆಗೆದ. ವಿಡಿಯೋ ತೆಗೆದುಕೊಳ್ಳಲಿ ಎಂದು ಬಿಟ್ಟೆ.

ವಾರ್ಡಿನಲ್ಲಿ ಮಂಚದ ಮೇಲೆ ಗಂಗವ್ವ. ಬಾಗಲಕೋಟೆ ಕಡೆಯವರು, ಹಣೆಯಲ್ಲಿ ಮಾಸಿದ ವಿಭೂತಿ, ಒಂದು ಕೈ ಕತ್ತಿನ ಬೆಳ್ಳಿ ಕರಡಿಗೆಯ ಮೇಲೆ, ಇನ್ನೊಂದು ಕೈ ಮೋರೀನ್ ಕೈಯೊಳಗೆ. ಮಗ ಶಿವಾನಂದ ಇಲ್ಲಿ ಎಂಎಸ್ಸಿ ಓದಿದವನು. ಅವನ ಘಟಿಕೋತ್ಸವ ನೋಡಲು ಬಂದಿದ್ದರು. ಅವನು ಅಂದು ಪಕ್ಕದ ಊರಿನ ಮೀಡಿಯಾಸಿಟಿಯಲ್ಲಿ ಕೆಲಸದ ಸಂದರ್ಶನಕ್ಕೆ ಹೋಗಿದ್ದ. ಸುದ್ದಿ ತಿಳಿದು ರೈಲು ಹತ್ತಿದ್ದ. ಆದರೆ ಹಳಿಯ ಮೇಲೆ ಎಲೆ ಬಿದ್ದು ಚಕ್ರ ಜಾರುತ್ತಿದೆ ಎಂದು ರೈಲು ದಾರಿಯಲ್ಲೇ ನಿಂತಿತ್ತು. ಒಂದೇ ಮರದ ಎಲೆ ತಾಯಿಯನ್ನೂ ಬೀಳಿಸಿ ಮಗನನ್ನೂ ನಿಲ್ಲಿಸಿತೇನೋ ಅನ್ನಿಸಿತು. ‘ನಮಸ್ಕಾರ ಗಂಗವ್ವನೋರೆ, ಹೆದ್ರಬೇಡಿ, ನಾನು ಕನ್ನಡದವಳು’ ಎಂದೆ. ಅವರ ಕಣ್ಣು ತುಂಬಿ ಬಂತು. ‘ಯವ್ವಾ, ಮೈಸೂರ ಕಡೀಯಾಕಿ ಏನ? ಇರಲಿ, ಕನ್ನಡ ಅಂದ್ರ ಕನ್ನಡಾನೇ. ಇವರಿಗೆ ಹೇಳವ್ವಾ, ಇದು ಸಾಮಾನಲ್ಲ. ಲಿಂಗಾ ಇದು. ತೊಟ್ಟಲದಾಗ ಕಟ್ಟಿದ್ದು. ಇದನ್ನ ತಗದು ನಾ ಹೆಂಗ ಬದುಕ್ಲಿ?’

ನಾನು ಅರಿವಳಿಕೆ ಕೊಡುವ ಡಾಕ್ಟರಿಗೆ ಎಲ್ಲವನ್ನೂ ವಿವರಿಸಲು ಹೊರಟೆ. ಲೆಕ್ಕದ ಟೀಚರಲ್ಲವೆ, ಮೂಲದಿಂದಲೇ ಶುರು ಮಾಡಿದೆ. ಹನ್ನೆರಡನೆಯ ಶತಮಾನದಿಂದ ಹೊರಟು ಇನ್ನೂ ಕಲ್ಯಾಣವನ್ನೇ ತಲುಪಿರಲಿಲ್ಲ. ಆ ತರುಣಿ ಡಾಕ್ಟರು ಗಡಿಯಾರ ನೋಡಿಕೊಂಡು, ‘ನನಗೆ ಗೌರವ ಇದೆ. ಆದ್ರೆ ಲೋಹ ಮೈಮೇಲಿದ್ರೆ ಆಪರೇಷನ್ನಿನ ಕರೆಂಟಿಗೆ ಸುಡಬಹುದು, ಕತ್ತಿನ ಹತ್ತಿರ ನನಗೆ ಏನೂ ಇರಬಾರದು. ತಡ ಮಾಡಿದಷ್ಟೂ ಅವರಿಗೇ ಅಪಾಯ’ ಎಂದರು. ಮೋರೀನ್ ಮೆಲ್ಲಗೆ ನನ್ನ ತೋಳು ಮುಟ್ಟಿದರು. ‘ಲವ್, ನಮಗೆ ಹೇಳಬೇಡ, ಅವರನ್ನೇ ಕೇಳು. ಬೆಳ್ಳಿ ಬೇಕಾ, ಒಳಗಿರೋದು ಬೇಕಾ?’

ಕೇಳಿದೆ. ಗಂಗವ್ವ ನನ್ನನ್ನು ಎಂಥ ಪೆದ್ದಿ ಎಂಬಂತೆ ನೋಡಿದರು. ‘ಬೆಳ್ಳಿ ತಗೊಂಡು ಏನ್ ಮಾಡ್ಲಿ? ಕರಡಗಿ ಬ್ಯಾಡಂದ್ರ ಬಿಡ್ರಿ. ಲಿಂಗ ನನ್ನ ಕೈಯಾಗ ಇರ್ಲಿ. ದಿನಾ ಪೂಜಾ ಮಾಡೂದು ಅಲ್ಲೇ ಅಲ್ಲೇನು?’ ಎಂದು ಎಡ ಅಂಗೈ ಬಿಡಿಸಿ ಹಿಡಿದರು. ನಾನು ಕನ್ನಡದಲ್ಲೇ ಡಾಕ್ಟರಿಗೆ ಹೇಳಿಬಿಟ್ಟೆ! ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರು ಆ ಅಂಗೈ ನೋಡಿ, ‘ಲೋಹ ಅಲ್ಲ ತಾನೆ?’ ಎಂದರು. ಕಲ್ಲು ಎಂದೆ. ‘ಹಾಗಾದ್ರೆ ಡ್ರಿಪ್ ಬಲಗೈಗೆ ಹಾಕ್ತೀನಿ’ ಎಂದರು. ನನಗೆ ಕುಣಿಯಬೇಕೆನ್ನಿಸಿತು. ಪಕ್ಕದ ಮಂಚದ ರೋಗಿ ಚಪ್ಪಾಳೆಯನ್ನೇ ತಟ್ಟಿದರು. ಗಂಗವ್ವ ತಾವೇ ಕರಡಿಗೆ ಬಿಚ್ಚಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು ಅಂಗೈಯಲ್ಲಿಟ್ಟುಕೊಂಡರು. ಡಾಕ್ಟರು ಶುದ್ಧ ಬಟ್ಟೆ ಸುತ್ತಿ, ಮುಷ್ಟಿಯ ಮೇಲೆ ಟೇಪು ಹಾಕಿದರು. ಅಷ್ಟು ಮೆತ್ತಗೆ ಟೇಪು ಹಾಕುವುದನ್ನು ನಾನು ಎಲ್ಲೂ ನೋಡಿರಲಿಲ್ಲ.

ಉಳಿದದ್ದು ಖಾಲಿ ಕರಡಿಗೆ. ನಾನು ಕೈ ಚಾಚಿದೆ. ಗಂಗವ್ವ ನನ್ನನ್ನು ದಾಟಿ ಮೋರೀನ್ ಕಡೆಗೆ ನೀಡಿದರು. ‘ಈ ಬಾಯಾರ ಕೈಯಾಗ ಇರ್ಲಿ. ಯಾರವ್ವಾ ಇವರು? ಮಠದಾಕಿ ಇದ್ದಂಗ ಅದಾರ.’ ನಾನು ಇಕ್ಕಟ್ಟಿಗೆ ಸಿಕ್ಕಿಕೊಂಡೆ. ಮಾಟಗಾತಿ ಎಂದರೆ ಮುರಿದ ಸೊಂಟದಲ್ಲೇ ಗಂಗವ್ವ ಎದ್ದು ಓಡಿಯಾರು. ‘ಭೂಮಿತಾಯಿ ಪೂಜೆ ಮಾಡೋ ಅಮ್ಮ. ಹುಣ್ಣಿಮೆ ಆಚರಿಸ್ತಾರೆ’ ಎಂದೆ. ಗಂಗವ್ವನ ಮುಖ ಅರಳಿತು. ‘ಹೌದಾ! ನಮ್ಮ ಸೀಗಿ ಹುಣ್ಣಿಮಿ ಹಂಗ! ಹೊಲದಾಗ ಚರಗ ಚೆಲ್ತಾರೇನು, ಕೇಳು.’ ಭೂಮಿಗೆ ಅನ್ನ ಚೆಲ್ಲಿ ನೈವೇದ್ಯ ಮಾಡುವುದನ್ನು ವಿವರಿಸಿದೆ. ಮೋರೀನ್ ಕಣ್ಣರಳಿಸಿದರು. ‘ನಾವೂ ಚೆಲ್ತೀವಿ! ರೊಟ್ಟಿ ಮುರಿದು ಹಾಕ್ತೀವಿ, ಜತೆಗೆ ಒಂದು ಬಟ್ಟಲು ಬಿಯರ್!’ ಬಿಯರನ್ನು ನಾನು ಮಜ್ಜಿಗೆ ಎಂದು ಅನುವಾದಿಸಿದೆ. ಧರ್ಮಗಳ ನಡುವೆ ಸೌಹಾರ್ದಕ್ಕೆ ಅಷ್ಟು ಬೇಕು. ಇಬ್ಬರೂ ಕೈ ಕೈ ಹಿಡಿದು ನಗುತ್ತಿರುವಾಗಲೇ ಮಂಚವನ್ನು ಥಿಯೇಟರಿಗೆ ತಳ್ಳಿಕೊಂಡು ಹೋದರು.

ಆಪರೇಷನ್ ಮುಗಿಯುವ ತನಕ ಮೋರೀನ್ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕುಳಿತಿದ್ದರು. ಚಹಾ ಬಂದರೂ ಕೆಳಗಿಡಲಿಲ್ಲ. ನಾನು ಮಾತ್ರ ಅತ್ತಿಂದಿತ್ತ ನಡೆದಾಡುತ್ತ ಎರಡೂ ಲೋಟ ಚಹಾ ಕುಡಿದೆ. ಅಷ್ಟರಲ್ಲಿ ಟೈ ಕಟ್ಟಿದ ಶಿವಾನಂದ ಏದುಸಿರು ಬಿಡುತ್ತ ಬಂದ. ತಾಯಿಯ ಕರಡಿಗೆ ಅಪರಿಚಿತರ ಕೈಯಲ್ಲಿ ಕಂಡು ಅವನ ಮುಖ ಬಿಳಚಿಕೊಂಡಿತು. ‘ಅವ್ವ? ಅವ್ವ ಎಲ್ಲಿ? ಇವರ್ಯಾರು ಆಂಟಿ?’ ಎಂದ. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು, ‘ಮಾಟಗಾತಿ.’ ಹುಡುಗ ಗೋಡೆಗೆ ಒರಗಿಬಿಟ್ಟ. ಅವನಿಗೆ ನೀರು ಕುಡಿಸಿ, ನಡೆದದ್ದನ್ನೆಲ್ಲ ಹೇಳುವ ಹೊತ್ತಿಗೆ ಡಾಕ್ಟರು ಹೊರಬಂದು, ‘ಎಲ್ಲ ಚೆನ್ನಾಗಾಯ್ತು. ಮುಷ್ಟಿ ಮಾತ್ರ ಬಿಡಲಿಲ್ಲ, ನಿದ್ದೆಯಲ್ಲೂ’ ಎಂದು ನಕ್ಕರು. ಶಿವಾನಂದ ಮೋರೀನ್ ಕಾಲಿಗೆ ಬಗ್ಗಿದ. ಏನೋ ಬಿದ್ದಿರಬೇಕು ಎಂದುಕೊಂಡು ಅವರೂ ಬಗ್ಗಿ ಹುಡುಕಿದರು.

ಊರಿಗೆ ಹೊರಡುವ ಮುನ್ನ ಗಂಗವ್ವ ನಮ್ಮನೆಗೆ ಊಟಕ್ಕೆ ಬಂದಿದ್ದರು, ಕೋಲೂರಿಕೊಂಡು. ನನ್ನ ಸೇವೆಗೆ ಒಂದೆರಡು ಹೊಗಳಿಕೆ ಬರಬಹುದೆಂದು ನಾನು ಹತ್ತಿರವೇ ಕುಳಿತಿದ್ದೆ. ‘ನೀನೂ ಭಾಳ ಛಲೋ ಹುಡುಗಿ ಅದಿ. ಆದ್ರ ಮಾತು ಜಾಸ್ತಿ’ ಎಂದರು. ‘ಆಕಿ ನೋಡು, ನನ್ನ ಭಾಷಾ ಬರೂದಿಲ್ಲ, ಸುಮ್ನ ಕುಂತ್ಲು. ಜೀವಾ ತಣ್ಣಗಾತು.’ ರಘು ಅಡುಗೆಮನೆಯಲ್ಲಿ ಪಾತ್ರೆ ಬೀಳಿಸಿ ಆ ಸದ್ದಿನಲ್ಲಿ ನಕ್ಕ.

ನಾನು ಛಲ ಬಿಡುವವಳಲ್ಲ. ಮುಂದಿನ ಸರದಿಯಲ್ಲೇ ಮೌನಸೇವೆ ಆರಂಭಿಸಿದೆ. ಗಣಿಯಲ್ಲಿ ದುಡಿದು ನಿವೃತ್ತರಾದ ಒಬ್ಬ ಯಾರ್ಕ್‌ಶೈರ್ ಅಜ್ಜನ ಪಕ್ಕ ಕುರ್ಚಿ ಹಾಕಿಕೊಂಡು, ಕೈ ಜೋಡಿಸಿ, ತುಟಿ ಬಿಗಿದು ಕುಳಿತೆ. ಹೊರಗೆ ಮಳೆ ಬಂತು, ಹೇಳಲಿಲ್ಲ. ಅವರ ಕಿಟಕಿಯಲ್ಲಿ ಪಾರಿವಾಳ ಕೂತಿತು, ಹೇಳಲಿಲ್ಲ. ಅವರ ಮೊಮ್ಮಗಳ ಫೋಟೋ ಎಷ್ಟು ಮುದ್ದಾಗಿತ್ತು, ಗಂಟಲ ತನಕ ಬಂದದ್ದನ್ನು ನುಂಗಿಕೊಂಡೆ. ಅಜ್ಜ ನನ್ನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಕೈ ಚಾಚಿ ಕರೆಗಂಟೆ ಒತ್ತಿದರು. ಓಡಿ ಬಂದ ನರ್ಸಿಗೆ, ‘ನನಗೇನೂ ಇಲ್ಲ, ಲವ್. ಈ ಹೆಂಗಸಿಗೇ ಏನೋ ಆಗ್ತಾ ಇದೆ, ಸ್ವಲ್ಪ ನೋಡು’ ಎಂದರು.