ಕಿವಿ ಡಾಕ್ಟರ ಕೆಮ್ಮುವ ವ್ಯಾನು

"ಟ್ಯಾಕ್ಸಿಯೂ ಬೇಡ, ಗ್ಯಾರೇಜೂ ಬೇಡ! ಕೆಮ್ಮು ಕೇಳಿಯೇ ಕಾಯಿಲೆ ಹೇಳೋನು ನಾನು. ಈ ವ್ಯಾನು ಯಾವ ಲೆಕ್ಕ?" ಎಂದು ಕಿವಿ ಡಾಕ್ಟರು ಅಂಗಿಯ ತೋಳು ಮಡಚಿದರು.

ಮನೆಮಂದಿಯನ್ನೆಲ್ಲ ಹೊತ್ತು ತಿರುಗುವ ಆ ವ್ಯಾನು ಸ್ಟಾರ್ಟ್ ಆದದ್ದೇನೋ ನಿಜ. ಆದರೆ ಚಳಿಜ್ವರ ಬಂದಂತೆ ಗಡಗಡ ನಡುಗಿ, ಕೆಮ್ಮಿ, ಗೇಟು ದಾಟುವ ಮೊದಲೇ ನಿಂತುಬಿಟ್ಟಿತ್ತು. ಹಿಂದಿನ ಸೀಟಿನಲ್ಲಿ ಡಾಕ್ಟರ ತಾಯಿ. ಒಂದು ಕಣ್ಣಿಗೆ ಆಪರೇಷನ್ ಆಗಿ ಪಟ್ಟಿ. ಇನ್ನೊಂದು ಕಣ್ಣು ಮೊದಲಿಂದಲೂ ಮಂಜು. ಪಟ್ಟಿ ಬಿಚ್ಚಬೇಕಾದ ಕಣ್ಣಿನ ಡಾಕ್ಟರು ಮಧ್ಯಾಹ್ನವೇ ಪರವೂರಿಗೆ ಹೊರಡುವವರು.

"ರೀ, ನಿನ್ನೆ ಎಂಜಿನ್ ಒರೆಸ್ತೀನಿ ಅಂತ ಬಟ್ಟೆ ಹಿಡಿದು ಎಳೆದಾಡಿದ್ರಲ್ಲ, ಯಾವುದೋ ವೈರು ಸಡಿಲ ಆಗಿರಬೇಕು," ಎಂದಳು ಹೆಂಡತಿ. ವ್ಯಾನನ್ನು ದಿನವೂ ಓಡಿಸುವವಳು ಅವಳೇ.

"ಶ್! ಸ್ಟಾರ್ಟ್ ಮಾಡು. ರೋಗಿಯ ಎದೆಬಡಿತ ಕೇಳಬೇಕು."

ನಡುಗುವ ಎಂಜಿನ್ ಮೇಲೆ ಸ್ಟೆತಸ್ಕೋಪು ಕೂತಿತು! ಡಾಕ್ಟರು ಕಣ್ಣು ಮುಚ್ಚಿ ಧ್ಯಾನಸ್ಥರಾದರು.

"ಪ್ಲಗ್ಗಿಗೆ ಮಸಿ ಹಿಡಿದಿದೆ. ಶಸ್ತ್ರಚಿಕಿತ್ಸೆಯೊಂದೇ ದಾರಿ!"

ನಾಲ್ಕು ಪ್ಲಗ್ಗುಗಳ ವೈರುಗಳೂ ಹೊರಬಂದವು. ಪ್ಲಗ್ಗು ಬಿಚ್ಚಿ, ಉಜ್ಜಿ, ಕೂರಿಸಿ, ವೈರುಗಳನ್ನು ಕೈಗೆ ಸಿಕ್ಕಂತೆ ಸಿಕ್ಕಿಸಿದರು. ನಡುನಡುವೆ ಅದೇ ಕೈಯಲ್ಲಿ ಮುಖದ ಬೆವರು ಒರೆಸಿಕೊಂಡರು.

"ಈಗ ತಿರುಗಿಸು ಕೀಲಿ!"

ಢಂ!

ಬೀದಿಯ ಕಿಟಕಿಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಹಿಂದಿನಿಂದ ಕರಿಹೊಗೆ ಬುಸುಗುಟ್ಟಿತು.

"ಆಸ್ಪತ್ರೆ ಬಂತೇನೋ ಮಗಾ?" ಎಂದರು ತಾಯಿ.

"ಇಲ್ಲ ಅತ್ತೆ, ಇನ್ನೂ ಗೇಟೇ ಬಂದಿಲ್ಲ," ಎಂದಳು ಸೊಸೆ.

ಡಾಕ್ಟರ ಜಂಬ ಜರ್ರನೆ ಇಳಿಯಿತು. ಮೊಮ್ಮಕ್ಕಳ ಮುಖ ಕಣ್ತುಂಬ ನೋಡಬೇಕೆಂದು ಅಮ್ಮ ಬೆಳಗ್ಗೆಯೇ ಚಪ್ಪಲಿ ಮೆಟ್ಟಿ ಕೂತಿದ್ದರು. ತನ್ನ ಹಟದಿಂದ ಅದೂ ತಪ್ಪುತ್ತದೆಯೇ?

ಹೆಂಡತಿ ಎಂಜಿನ್ ಆರಿಸಿ ಕೆಳಗಿಳಿದಳು. "ಗಿಡ್ಡ ವೈರು ಹತ್ತಿರದ ಪ್ಲಗ್ಗಿಗೆ, ಉದ್ದದ್ದು ದೂರದ್ದಕ್ಕೆ. ನೀವು ಅದಲುಬದಲು ಮಾಡಿದ್ದೀರಿ." ಒಂದೊಂದನ್ನೇ ಅದರದರ ಜಾಗಕ್ಕೆ ಸೇರಿಸಿ, ಟಕ್ಕೆನ್ನುವವರೆಗೂ ಒತ್ತಿದಳು. ಕೀಲಿ ತಿರುಗಿಸಿದರೆ, ವ್ಯಾನು ಕಾಯಿಲೆ ಯಾರಿಗೆ ಎಂಬಂತೆ ಗುಂಯ್‌ಗುಟ್ಟಿತು!

ದಾರಿಯಲ್ಲಿ ಡಾಕ್ಟರು ಸ್ಟೆತಸ್ಕೋಪನ್ನು ಸುತ್ತಿ ಜೇಬಿಗೆ ತುರುಕಿದರು. ದಿನವಿಡೀ ಊರಿನವರ ಕಿವಿಯೊಳಗೆ ಇಣುಕುವ ತಾನು, ಮನೆಯಲ್ಲಿ ಇವಳ ಮಾತನ್ನು ಪೂರ್ತಿ ಕೇಳಿ ಎಷ್ಟು ಕಾಲವಾಯಿತು?

"ನೀನು ಮೊದಲೇ ಹೇಳಿದ್ದೆ. ನನಗೆ ಕೇಳಿಸಲಿಲ್ಲ," ಎಂದರು ಮೆಲ್ಲಗೆ.

"ಕೇಳಿಸಿತ್ತು. ಕಿವಿಗೆ ಹಾಕಿಕೊಳ್ಳಲಿಲ್ಲ," ಎಂದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ. ಆದರೂ ತುಟಿಯ ಅಂಚಿನಲ್ಲಿ ನಗು ಇತ್ತು.

ಕಣ್ಣಿನ ಡಾಕ್ಟರು ಕೈಚೀಲ ಹೆಗಲಿಗೇರಿಸುತ್ತಿದ್ದಾಗ ಇವರು ಒಳಗೆ ನುಗ್ಗಿದರು. ಅವರು ಚೀಲ ಕೆಳಗಿಟ್ಟು ಪಟ್ಟಿ ಬಿಚ್ಚಿದರು. ತಾಯಿ ನಿಧಾನವಾಗಿ ಕಣ್ಣು ತೆರೆದರು. ಸೊಸೆಯನ್ನು ನೋಡಿ ಮುಖ ಅರಳಿತು. ಆಮೇಲೆ ಮಗನತ್ತ ತಿರುಗಿ ಗಾಬರಿಯಾದರು.

"ಡಾಕ್ಟ್ರೇ, ಆಪರೇಷನ್ ಅರ್ಧಂಬರ್ಧ ಆಗಿದೆ ಕಣಪ್ಪ! ಸೊಸೆ ಸರಿಯಾಗಿ ಕಾಣ್ತಾಳೆ, ಮಗನ ಮೂಗೇ ಕಾಣ್ತಿಲ್ಲ, ಬರೀ ಮಸಿ!"